ಯಾರ ಮೈಯಲ್ಲಿ ಕಲಿತೆವು?

ಬದಿಯಡ್ಕದ ಸಮೀಪ ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸ ನಡೆದುದು 2013ರಲ್ಲಿ. 2020ರ ಏಪ್ರಿಲ್ ತಿಂಗಳಲ್ಲಿ ಅದರ ಒಂದು ಕಟ್ಟಡ ಅವಸರವಸರವಾಗಿ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. 2025ರಲ್ಲಿ 50 ಎಂ.ಬಿ.ಬಿ.ಎಸ್. ಸೀಟುಗಳಿಗೆ ಅನುಮತಿ ದೊರೆಯಿತು. ಹನ್ನೆರಡು ವರ್ಷ ಕಾದ ಕಾಸರಗೋಡಿನ ಜನ ಸಂತೋಷಪಟ್ಟುದು ಸಹಜ. ಎದೆನೋವು ಬಂದರೂ ಹೆರಿಗೆ ಕಷ್ಟವಾದರೂ ತಲಪಾಡಿ ದಾಟಿ ಮಂಗಳೂರಿಗೆ ಓಡುವುದು ಇಲ್ಲಿ ತಲೆಮಾರುಗಳ ಅಭ್ಯಾಸ. 2020ರ ಮಾರ್ಚ್ ಕೊನೆಯಲ್ಲಿ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸುಗಳು ಹಿಂದಿರುಗಿದುವು. ದಾರಿ ಸಿಗದೆ ಪ್ರಾಣ ಬಿಟ್ಟವರಿದ್ದಾರೆ. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆ ವಾರಗಳನ್ನು ಕಂಡವರಿಗೆ ಮನೆಯ ಹತ್ತಿರ ಒಂದು ದೊಡ್ಡ ಆಸ್ಪತ್ರೆ ಎಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ವೈದ್ಯಕೀಯ ಕಾಲೇಜು ಎಂದರೆ ಆಸ್ಪತ್ರೆ ಮಾತ್ರವಲ್ಲ, ಅದೊಂದು ಶಾಲೆ. ಅಲ್ಲಿ ಮುಖ್ಯವಾದ ಪಠ್ಯಪುಸ್ತಕ ಗ್ರಂಥಾಲಯದ ಕಪಾಟಿನಲ್ಲಿ ಇರುವುದಿಲ್ಲ, ಸಾಮಾನ್ಯ ವಾರ್ಡಿನ ಹಾಸಿಗೆಯ ಮೇಲೆ ಮಲಗಿರುತ್ತದೆ. ಇನ್ನು ಮುಂದೆ ವರ್ಷಕ್ಕೆ 50 ಮಂದಿ ಯುವಕ ಯುವತಿಯರು ಎಣ್ಮಕಜೆ, ಪೈವಳಿಕೆ, ಬೆಳ್ಳೂರು, ಪುತ್ತಿಗೆಯ ಬಡವರ ನಾಡಿ ಹಿಡಿದು, ಹೊಟ್ಟೆ ಒತ್ತಿ, ಎದೆಗೆ ಸ್ಟೆತೊಸ್ಕೋಪ್ ಇಟ್ಟು ವೈದ್ಯರಾಗುವವರಿದ್ದಾರೆ. ಸಮುದಾಯ ವೈದ್ಯಶಾಸ್ತ್ರವನ್ನು ಕಲಿಸುತ್ತ ವೃತ್ತಿಜೀವನ ಮುಗಿಸಿದ ನನಗೆ ಈ ಸಂತೋಷದ ನಡುವೆ ಬಾಧಿಸುವ ಪ್ರಶ್ನೆ ಇದು: ಹಾಗೆ ಕಲಿತವರು ಈ ಜನಕ್ಕೆ ಏನನ್ನಾದರೂ ಕೊಡಬೇಕಾದವರೇ? ಕೊಡಬೇಕಾದವರಾದರೆ ಅದನ್ನು ಅವರಿಗೆ ಕಲಿಸಲು ಸಾಧ್ಯವೇ?

ನಾನು ವಿದ್ಯಾರ್ಥಿಯಾಗಿದ್ದಾಗಿನ ಒಂದು ಬೆಳಗು ನೆನಪಾಗುತ್ತದೆ. ಸುಮಾರು ಐವತ್ತು ವರ್ಷಗಳ ಹಿಂದಿನ ಮಾತು. ವಾರ್ಡಿನಲ್ಲಿ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಉಪ್ಪಳದ ಒಳನಾಡಿನ ಕಡೆಯವರು, ಬೀಡಿ ಕಟ್ಟುವವರು. ಹೃದಯದ ಮೈಟ್ರಲ್ ಕವಾಟ ಕಿರಿದಾಗಿತ್ತು. ಆ ಕಾಯಿಲೆಯ ವಿಶಿಷ್ಟವಾದ ಸದ್ದು ಬಹಳ ಮೆಲ್ಲಗಿನದು, ಗುಡುಗುಡು ಎನ್ನುವಂಥದು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಡಿಸಿ, ಹಾಗೆಯೇ ಹಿಡಿದುಕೊಳ್ಳಲು ಹೇಳಿದರೆ ಮಾತ್ರ ಕಿವಿಗೆ ಸ್ಪಷ್ಟವಾಗುತ್ತದೆ. ನಾವು ಹನ್ನೆರಡು ಮಂದಿ. ಒಬ್ಬೊಬ್ಬರೂ ಎರಡೆರಡು ಸಲ ಕೇಳಿದೆವು. ಏದುಸಿರಿನ ಕಾಯಿಲೆಯೆಂದೇ ಬಂದಿದ್ದ ಆಕೆ ಪ್ರತಿಸಲವೂ ಹೊರಳಿ, ಉಸಿರು ಬಿಟ್ಟು, ಕಟ್ಟಿ ಹಿಡಿದುಕೊಂಡರು. ನಮ್ಮ ಅಧ್ಯಾಪಕರು ಸಮರ್ಥರು. ಸದ್ದು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ತೀವ್ರವಾಗುತ್ತದೆ ಎಂದು ಕೈಯಾಡಿಸಿ ತೋರಿಸಿದರು. ‘ಒಳ್ಳೆಯ ಕೇಸು’ ಎಂದರು. ಪಾಠ ಮುಗಿದು ನಾವು ಮುಂದಿನ ಹಾಸಿಗೆಗೆ ಸರಿಯುವಾಗ ಆಕೆ ಸೆರಗು ಸರಿಪಡಿಸಿಕೊಳ್ಳುತ್ತ ಕೊನೆಯವನಾದ ನನ್ನನ್ನು ತುಳುವಿನಲ್ಲಿ ಕೇಳಿದರು: ‘ನಿಮ್ಮದೆಲ್ಲ ಆಯಿತಾ ಮಗಾ? ನನ್ನದು ಯಾವಾಗ?’

ಶಸ್ತ್ರಚಿಕಿತ್ಸೆಗೆ ವೆಲ್ಲೂರಿಗೆ ಹೋಗಬೇಕೆಂದು ಅವರಿಗೆ ಬರೆದುಕೊಡಲಾಗಿತ್ತು. ನಾಲ್ಕೈದು ದಿನಗಳ ಮೇಲೆ ನೋಡಿದರೆ ಹಾಸಿಗೆ ಖಾಲಿ. ಕೇಸ್ ಶೀಟಿನಲ್ಲಿ ‘ಪರಾರಿ’ ಎಂಬ ಅರ್ಥದ ಒಂದು ಇಂಗ್ಲಿಷ್ ಪದವಿತ್ತು. ಕಳ್ಳರಿಗೆ, ಸೈನ್ಯದಿಂದ ತಪ್ಪಿಸಿಕೊಂಡವರಿಗೆ ಬಳಸುವ ಪದ. ವೆಲ್ಲೂರು ಎಲ್ಲಿದೆ, ರೈಲಿನ ದುಡ್ಡು ಯಾರು ಕೊಡುತ್ತಾರೆ, ಮನೆಯ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಮ್ಮಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಕೇಳುವುದು ನಮ್ಮ ಕೆಲಸವೆಂದು ಯಾರೂ ನಮಗೆ ಹೇಳಿಯೂ ಇರಲಿಲ್ಲ.

ಆ ಕಾಯಿಲೆಯ ಮೂಲ ಅವರ ಬಾಲ್ಯದಲ್ಲಿತ್ತೆಂಬುದು ಈ ಕಥೆಯ ಇನ್ನೊಂದು ಮುಖ. ಇಕ್ಕಟ್ಟಾದ ಮನೆಗಳಲ್ಲಿ ಒತ್ತೊತ್ತಾಗಿ ಮಲಗುವ ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲುನೋವು, ಅದಕ್ಕೆ ಸಕಾಲದಲ್ಲಿ ಔಷಧ ಸಿಗದಿದ್ದರೆ ಕೀಲುಗಳಿಗೂ ಹೃದಯಕ್ಕೂ ಇಳಿಯುತ್ತದೆ. ಒಮ್ಮೆ ಇಳಿದ ಮೇಲೂ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತ ಬಂದರೆ ಕವಾಟ ಮತ್ತಷ್ಟು ಹಾಳಾಗದಂತೆ ತಡೆಯಬಹುದು. ಅನುಕೂಲಸ್ಥ ದೇಶಗಳಲ್ಲಿ ಅದು ಬಹುಮಟ್ಟಿಗೆ ಮರೆಯಾದುದು ಮನೆಗಳು ವಿಶಾಲವಾದುದರಿಂದ, ಔಷಧ ಕೈಗೆಟುಕಿದುದರಿಂದ. ನಾವು ಆ ಸದ್ದನ್ನು ಕಲಿತೆವು. ಆ ಸದ್ದು ಹುಟ್ಟಲು ಕಾರಣವಾದ ಮನೆಯನ್ನು ಕಲಿಯಲಿಲ್ಲ. ಆಕೆಯ ಬಡತನವೇ ನಮಗೆ ‘ಒಳ್ಳೆಯ ಕೇಸ’ನ್ನು ಒದಗಿಸಿತ್ತು ಎಂಬ ಮಾತು ಹೊಳೆಯಲು ನನಗೆ ಹಲವು ವರ್ಷ ಬೇಕಾಯಿತು.

ಆರೋಗ್ಯದಲ್ಲಿ ಸಮಾನತೆ ಎಂದೊಡನೆ ಹೆಚ್ಚಿನ ವೈದ್ಯರು ಕೊಡುವ ಉತ್ತರವೊಂದಿದೆ: ‘ನನಗೆ ಎಲ್ಲ ರೋಗಿಗಳೂ ಒಂದೇ.’ ಇದು ಸಣ್ಣ ಮಾತಲ್ಲ. ಪಂಕ್ತಿಭೇದವನ್ನು ಕಂಡು ಉಂಡ ಸಮಾಜ ನಮ್ಮದು. ಜಾತಿ ಕೇಳದೆ ಮೈ ಮುಟ್ಟುವ ವೈದ್ಯನನ್ನು ನಾವು ಗೌರವದಿಂದ ಕಾಣಬೇಕು. ಆದರೆ ಎಲೆ ಹಾಕಿ ಕುಳಿತವರಿಗೆಲ್ಲ ಸಮನಾಗಿ ಬಡಿಸುವುದು ಒಂದು ನ್ಯಾಯವಾದರೆ, ಪಂಕ್ತಿಗೆ ಬರಲಾಗದೆ ಉಳಿದವನು ಯಾರು, ಯಾಕೆ ಉಳಿದ ಎಂದು ವಿಚಾರಿಸುವುದು ಇನ್ನೊಂದು ನ್ಯಾಯ. ಸಕ್ಕರೆ ಕಾಯಿಲೆಯ ಇಬ್ಬರಿಗೆ ವೈದ್ಯರು ಒಂದೇ ಬಗೆಯ ಇನ್ಸುಲಿನ್ ಬರೆಯುತ್ತಾರೆ, ಒಂದೇ ದಿನ ಮರಳಿ ಬರಲು ಹೇಳುತ್ತಾರೆ. ಒಬ್ಬರ ಮನೆಯಲ್ಲಿ ಫ್ರಿಜ್ ಇದೆ, ಅಂಗಳದಲ್ಲಿ ಕಾರು ಇದೆ. ಇನ್ನೊಬ್ಬರು ಗುಡ್ಡದ ಮೇಲಿಂದ ಇಳಿದು ದಿನಕ್ಕೆರಡೇ ಬಾರಿ ಬರುವ ಬಸ್ಸಿಗೆ ಕಾಯಬೇಕು. ಬಂದ ದಿನದ ಕೂಲಿ ಹೋಯಿತು. ವೈದ್ಯರು ಭೇದ ಮಾಡಲಿಲ್ಲ, ನಿಜ. ಭೇದವನ್ನು ಗಮನಿಸಲೂ ಇಲ್ಲ. ಎರಡನೆಯವರಿಗೆ ಬೇಕಾಗಿದ್ದುದು ಇನ್ನೂ ಐದು ನಿಮಿಷ: ಒದ್ದೆ ಮರಳಿನ ನಡುವೆ ಮಣ್ಣಿನ ಕುಡಿಕೆಯನ್ನಿಟ್ಟು ಅದರೊಳಗೆ ಇನ್ಸುಲಿನ್ ತಂಪಾಗಿ ಕಾಯ್ದಿಡುವುದು ಹೇಗೆಂದು ಹೇಳಿಕೊಡಲು.

ವೇಲ್ಸ್ ನಾಡಿನ ಗಣಿಕೆಲಸಗಾರರ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ನಿಯಮವನ್ನು ಮಂಡಿಸಿದರು. ಒಳ್ಳೆಯ ವೈದ್ಯಕೀಯ ಸೇವೆ ಎಲ್ಲಿ ಹೆಚ್ಚು ಅಗತ್ಯವೋ ಅಲ್ಲಿ ಕಡಿಮೆ ದೊರೆಯುತ್ತದೆ, ಎಲ್ಲಿ ಅಗತ್ಯ ಕಡಿಮೆಯೋ ಅಲ್ಲಿ ಧಾರಾಳವಾಗಿ ದೊರೆಯುತ್ತದೆ. ಸೇವೆ ಮಾರುಕಟ್ಟೆಯ ವಶವಾದಷ್ಟೂ ಈ ವಿಲೋಮ ಬಲವಾಗುತ್ತದೆ ಎಂಬುದು ಅದರ ತಾತ್ಪರ್ಯ. ಕಾಸರಗೋಡಿನವರಿಗೆ ಇದನ್ನು ಸಾಬೀತು ಮಾಡಿ ತೋರಿಸಬೇಕಿಲ್ಲ. ಶಿಶುಮರಣದ ಲೆಕ್ಕದಲ್ಲಿ ಕೇರಳ ದೇಶಕ್ಕೇ ಮಾದರಿ ಎಂದು ಹೇಳುತ್ತೇವೆ. ಆ ಸರಾಸರಿಯೊಳಗೆ ಅಟ್ಟಪ್ಪಾಡಿಯೂ ಇದೆ, ವಯನಾಡಿನ ಹಾಡಿಗಳೂ ಇವೆ, ನಮ್ಮ ಪಡ್ರೆಯೂ ಇದೆ.

ಪಡ್ರೆಯ ಕಥೆ ಇಲ್ಲಿಯ ಓದುಗರಿಗೆ ಹೊಸತಲ್ಲ. ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ತಡೆ ಹೇರಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದಿತು. ಐದು ವರ್ಷ ಕಳೆದು 2022ರಲ್ಲಿಯೂ ಬಹುಮಂದಿಗೆ ಅದು ತಲುಪಿರಲಿಲ್ಲವೆಂದು ಅದೇ ನ್ಯಾಯಾಲಯ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ನಾನು ಇಲ್ಲಿ ಎತ್ತಿಕೊಳ್ಳುವುದು ಒಂದು ಅಂಶವನ್ನು ಮಾತ್ರ. ಈ ಅನಾಹುತವನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು ವಾಣೀನಗರದಲ್ಲಿ ಸಣ್ಣ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರ್. ಒಂದೇ ಊರಿನ ಮನೆಮನೆಗಳಲ್ಲಿ ಬುದ್ಧಿಮಾಂದ್ಯತೆ, ಅಂಗವೈಕಲ್ಯ, ಅರ್ಬುದ, ಅಪಸ್ಮಾರ ಇಷ್ಟೊಂದು ಏಕೆ ಎಂದು ಅವರು ಕೇಳಿಕೊಂಡರು. ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಕೃಷಿ ಇಲಾಖೆಯ ಸಾಮಾನ್ಯ ಉದ್ಯೋಗಿಯಾಗಿದ್ದ ಲೀಲಾಕುಮಾರಿಯಮ್ಮ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿದರು. ಸಿಂಪಡಣೆಗೂ ಈ ಎಲ್ಲ ಕಾಯಿಲೆಗಳಿಗೂ ಇರುವ ಸಂಬಂಧದ ಬಗ್ಗೆ ವಿಜ್ಞಾನಿಗಳ ನಡುವೆ ವಾದವಿವಾದ ನಡೆಯಿತು, ನಡೆಯಬೇಕಾದುದೇ. ಆದರೆ ವಾದ ಆರಂಭವಾಗಲಿಕ್ಕಾದರೂ ಯಾರೋ ಒಬ್ಬರು ಮೊದಲು ಲೆಕ್ಕ ಇಡಬೇಕಲ್ಲವೇ? ದೊಡ್ಡ ಆಸ್ಪತ್ರೆಗಳಿಗೂ ಅದೇ ಮಕ್ಕಳು ಹೋಗಿದ್ದರು. ಅಲ್ಲಿ ಅವರು ಬಿಡಿಬಿಡಿಯಾದ ಕೇಸುಗಳಾಗಿದ್ದರು, ಒಂದೊಂದು ವಿಭಾಗದಲ್ಲಿ ಒಬ್ಬೊಬ್ಬರು. ಹಳ್ಳಿಯ ವೈದ್ಯರಿಗೆ ಅವರು ನೆರೆಹೊರೆಯವರಾಗಿದ್ದರು. ಯಾವ ಪಠ್ಯಕ್ರಮವೂ ಅವರಿಗೆ ಇದನ್ನು ಕಲಿಸಿರಲಾರದು. ಅವರು ಅಲ್ಲಿಯೇ ನೆಲೆಸಿದ್ದರು.

ಹಾಗಾದರೆ ಇದು ಕಲಿಸಿ ಬರುವ ಗುಣವೇ ಅಲ್ಲವೆಂದು ಕೈಚೆಲ್ಲಬೇಕೇ? ಕೈಚೆಲ್ಲುವ ಮೊದಲು 1848ರ ಒಂದು ಪ್ರಸಂಗವನ್ನು ನೋಡಬೇಕು. ಪ್ರಷ್ಯಾ ರಾಜ್ಯದ ಗಡಿನಾಡಾದ ಮೇಲಣ ಸೈಲೀಸಿಯಾದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರ ಜನರನ್ನು ಸಾಯಿಸುತ್ತಿತ್ತು. ಸರಕಾರ ಬರ್ಲಿನ್ನಿನಿಂದ ಕಳಿಸಿದವರಲ್ಲಿ ರುಡಾಲ್ಫ್ ವಿರ್ಕೋ ಎಂಬ 26 ವರ್ಷದ ವೈದ್ಯನಿದ್ದ. ಆತ ಶವಪರೀಕ್ಷೆಯಲ್ಲಿ ನಿಪುಣ, ಸೂಕ್ಷ್ಮದರ್ಶಕದ ಮನುಷ್ಯ. ಮೂರು ವಾರ ಆ ನಾಡಿನಲ್ಲಿ ಸುತ್ತಿ ಬಂದು ಬರೆದ ವರದಿಯಲ್ಲಿ ಜ್ವರಕ್ಕೆ ಆತ ಸೂಚಿಸಿದ ಚಿಕಿತ್ಸೆ ವಿಚಿತ್ರವಾಗಿತ್ತು: ಪ್ರಜಾಪ್ರಭುತ್ವ, ಶಿಕ್ಷಣ, ರಸ್ತೆ, ಕೃಷಿಯ ಸುಧಾರಣೆ, ತೆರಿಗೆಯ ನ್ಯಾಯ. ಅಷ್ಟೇ ಅಲ್ಲ, ಅಲ್ಲಿಯ ಬಡವರ ಮಾತು ಪೋಲಿಷ್, ಆಳುವವರ ಮಾತು ಜರ್ಮನ್ ಆಗಿದ್ದುದರಿಂದ ಪೋಲಿಷ್ ಭಾಷೆಗೆ ಅಧಿಕೃತ ಸ್ಥಾನ ಕೊಡಬೇಕೆಂದೂ ಆತ ಸೂಚಿಸಿದ. ಭಾಷಾ ಅಲ್ಪಸಂಖ್ಯಾತರಾದ ನಾವು ಇದನ್ನು ಎರಡು ಸಲ ಓದಬೇಕು. ಜ್ವರದ ಕಾರಣಗಳ ಪಟ್ಟಿಯಲ್ಲಿ ಭಾಷೆಯನ್ನು ಸೇರಿಸಿದವನು ಕವಿಯಲ್ಲ, ಭಾಷಾಭಿಮಾನಿಯೂ ಅಲ್ಲ, ರೋಗಶಾಸ್ತ್ರಜ್ಞ. ಸರಕಾರಕ್ಕೆ ಆತನ ರಾಜಕೀಯ ಹಿಡಿಸಲಿಲ್ಲ. ಮರುವರ್ಷ ಆತ ಬರ್ಲಿನ್ ಬಿಟ್ಟು ವುರ್ಟ್ಸ್‌ಬುರ್ಗಿಗೆ ಹೋಗಬೇಕಾಯಿತು. ಮೋಹನಕುಮಾರರು ವರ್ಷಗಟ್ಟಲೆ ನೆಲೆಸಿ ಕಂಡರು, ವಿರ್ಕೋ ಮೂರು ವಾರಗಳಲ್ಲಿ ಕಂಡ. ಇಬ್ಬರೂ ನಿಂತು ನೋಡಿದ ಜಾಗ ಮಾತ್ರ ವಾರ್ಡಿನ ಹೊರಗಿತ್ತು. ಗುಣವನ್ನು ಕಲಿಸಲಾಗದಿರಬಹುದು, ನಿಲ್ಲುವ ಜಾಗವನ್ನು ಬದಲಿಸಲಾಗದೇ?

ಈ ಯೋಚನೆ ನಮ್ಮ ದೇಶದಲ್ಲಿ ಯಾರಿಗೂ ಹೊಳೆಯದೆ ಉಳಿದುದಲ್ಲ. 1946ರ ಭೋರ್ ಸಮಿತಿ ಭಾರತಕ್ಕೆ ‘ಸಾಮಾಜಿಕ ವೈದ್ಯ’ ಬೇಕೆಂದಿತು. 1977ರಲ್ಲಿ ಪ್ರತಿಯೊಂದು ವೈದ್ಯಕೀಯ ಕಾಲೇಜಿಗೂ ಮೂರು ಬ್ಲಾಕುಗಳ ಹೊಣೆ ವಹಿಸುವ ಯೋಜನೆ ಬಂದು ಮಸುಕಾಯಿತು. 1969ರಲ್ಲಿ ಸುಶೀಲಾ ನಯ್ಯರ್ ಅವರು ಸೇವಾಗ್ರಾಮದಲ್ಲಿ ಆರಂಭಿಸಿದ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮೊದಲು ಆಶ್ರಮದಲ್ಲಿದ್ದು, ಬಳಿಕ ಹಳ್ಳಿಯಲ್ಲಿ ಶಿಬಿರ ಹೂಡಿ ಕಲಿಯುವ ಪದ್ಧತಿ ಉಳಿದುಬಂದಿದೆ. 2019ರ ಹೊಸ ಪಠ್ಯಕ್ರಮದಲ್ಲಿ ನೀತಿ, ಮನೋಭಾವ, ಸಂವಹನಗಳಿಗೆ ಪ್ರತ್ಯೇಕ ಪಾಠಗಳಿವೆ. ಈಚೆಗೆ ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಕೆಲವು ಕುಟುಂಬಗಳನ್ನು ‘ದತ್ತು’ ತೆಗೆದುಕೊಳ್ಳಬೇಕೆಂಬ ನಿಯಮವೂ ಬಂದಿದೆ. ದತ್ತು ಎಂಬ ಪದ ನನಗೆ ನಗು ತರಿಸುತ್ತದೆ. ಮನೆಯವರು ಮಗುವನ್ನು ದತ್ತು ಪಡೆಯುವುದನ್ನು ಕಂಡಿದ್ದೇವೆ. ಹದಿನೆಂಟರ ಹುಡುಗನೊಬ್ಬ ಅಜ್ಜಿ, ಸೊಸೆ, ಮೊಮ್ಮಕ್ಕಳಿರುವ ಸಂಸಾರವನ್ನೇ ದತ್ತು ಪಡೆಯುವುದು ಹೊಸ ಶಾಸ್ತ್ರ. ನಿಜವಾಗಿ ನಡೆಯುವುದು ತಿರುಗುಮುರುಗು: ಆ ಅಜ್ಜಿಯೇ ಹುಡುಗನನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ತನ್ನ ರಕ್ತದೊತ್ತಡವನ್ನು ತಪ್ಪಾಗಿ ಅಳೆಯಲು ಬಿಟ್ಟು, ಅವನನ್ನು ವೈದ್ಯನನ್ನಾಗಿ ಮಾಡುತ್ತಾಳೆ.

ಪದದ ಹಿಂದಿನ ಭಾವವೇ ಇಲ್ಲಿ ಮುಖ್ಯ. ಬಡವರ ಆರೋಗ್ಯದ ಬಗ್ಗೆ ವಿದ್ಯಾರ್ಥಿಗೆ ನಾವು ಹೇಳುವುದೆಲ್ಲ ಸೇವೆಯ ಭಾಷೆಯಲ್ಲಿದೆ: ತ್ಯಾಗ, ದಯೆ, ಸಮರ್ಪಣೆ. ದಾನದಲ್ಲಿ ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಕೊಡುವವನು ನಿರ್ಧರಿಸುತ್ತಾನೆ, ಪಡೆಯುವವನು ಕೈಮುಗಿಯಬೇಕು. ನಾನು ಇದನ್ನು ಋಣ ಎಂದು ಕರೆಯಲು ಬಯಸುತ್ತೇನೆ. ಋಣದಲ್ಲಿ ಕೇಳುವ ಹಕ್ಕು ಕೊಟ್ಟವನದು. ‘ನನ್ನದು ಯಾವಾಗ’ ಎಂದು ಆ ಹೆಂಗಸು ಕೇಳಿದುದು ಬೇಡಿಕೆಯಲ್ಲ, ಲೆಕ್ಕ.

ವೈದಿಕ ಪರಂಪರೆ ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಹೇಳುತ್ತದೆ. ಶತಪಥ ಬ್ರಾಹ್ಮಣ ನಾಲ್ಕನೆಯದಾಗಿ ಮನುಷ್ಯರ ಋಣವನ್ನೂ ಸೇರಿಸುತ್ತದೆ. ವೈದ್ಯಕೀಯ ವಿದ್ಯಾರ್ಥಿ ಗುರುವಿನ ಋಣವನ್ನು ಒಪ್ಪುತ್ತಾನೆ, ಕಾಲು ಮುಟ್ಟುತ್ತಾನೆ. ತಂದೆತಾಯಿಯ ಋಣವನ್ನಂತೂ ಶುಲ್ಕದ ರಸೀದಿ ಸಹಿತ ಬಲ್ಲ. ಈಗೀಗ ಅಂಗರಚನಾ ವಿಭಾಗದ ಮೊದಲ ದಿನ ಶವದ ಮುಂದೆ ನಿಂತು, ಗೌರವದಿಂದ ನಡೆದುಕೊಳ್ಳುವೆನೆಂದು ಪ್ರಮಾಣ ಮಾಡುವ ಒಳ್ಳೆಯ ಪದ್ಧತಿಯೂ ಬಂದಿದೆ. ಸತ್ತವರಿಗೆ ಸಲ್ಲುವ ಈ ಕೃತಜ್ಞತೆ, ಉಸಿರು ಕಟ್ಟಿ ಹಿಡಿದು ಪಾಠವಾದ ಜೀವಂತ ಮನುಷ್ಯರಿಗೆ ಯಾವ ದಿನ, ಯಾವ ವಾರ್ಡಿನಲ್ಲಿ ಸಲ್ಲುತ್ತದೆ?

ಇದಕ್ಕೆ ಬರುವ ಮೊದಲ ಆಕ್ಷೇಪ: ಅವರಿಗೆ ಉಚಿತ ಚಿಕಿತ್ಸೆ ಸಿಕ್ಕಿತಲ್ಲ, ಲೆಕ್ಕ ಸರಿಹೋಯಿತಲ್ಲ? ಸರಿಹೋಗಲಿಲ್ಲ. ಚಿಕಿತ್ಸೆ ನಾಗರಿಕರಾಗಿ ಅವರಿಗೆ ಸಲ್ಲಬೇಕಾದುದು. ಬೆಂಕಿಪೊಟ್ಟಣಕ್ಕೂ ತೆರಿಗೆ ಕೊಟ್ಟವರು ಅವರು. ಕಲಿಕೆಗೆ ಮೈ ಒಡ್ಡಿದುದು ಅದರ ಮೇಲಿನದು, ಯಾರೂ ಅನುಮತಿ ಕೇಳದೆ ಪಡೆದುದು. ಮತ್ತೆ ಆ ಕಲಿಕೆಯ ಫಲ ಎಲ್ಲಿಗೆ ಹೋಯಿತು? ಸಾಮಾನ್ಯ ವಾರ್ಡಿನಲ್ಲಿ ಪಳಗಿದ ಕಿವಿ ಸ್ಪೆಷಲ್ ರೂಮಿನಲ್ಲಿ, ದುಬೈಯಲ್ಲಿ, ಮ್ಯಾಂಚೆಸ್ಟರಿನಲ್ಲಿ ಬೆಲೆಗೆ ದೊರೆಯುತ್ತದೆ. ಹೋದವರನ್ನು ನಾನು ದೂರುವುದಿಲ್ಲ, ನನ್ನ ಮನೆಯಿಂದಲೂ ಹೋದವರಿದ್ದಾರೆ. ಸಾಲ ಸಾಲವೇ ಎನ್ನುತ್ತೇನೆ, ಅಷ್ಟೇ.

ಎರಡನೆಯದು ಇನ್ನೂ ತೂಕದ ಆಕ್ಷೇಪ. ಆ ಹೆಂಗಸು ಈಗ ಇರಲಾರರು. ಇಲ್ಲದವರ ಸಾಲವನ್ನು ಬೇರೊಬ್ಬರಿಗೆ ತೀರಿಸುವುದು ಹೇಗೆ ನ್ಯಾಯ? ಈ ತೊಡಕನ್ನು ಹಳಬರು ಬಲ್ಲವರಾಗಿದ್ದರು. ಋಷಿಋಣ ತೀರುವುದು ಋಷಿಗೆ ಮರಳಿ ಕೊಡುವುದರಿಂದಲ್ಲ, ಕಲಿತುದನ್ನು ಮುಂದಿನವನಿಗೆ ಕಲಿಸುವುದರಿಂದ. ಪಿತೃಋಣ ತೀರುವುದು ತನ್ನ ಮಕ್ಕಳನ್ನು ಸಾಕುವುದರಿಂದ. ಪಡೆದ ದಿಕ್ಕಿಗೆ ಬೆನ್ನು ಮಾಡಿ, ಮುಂದಕ್ಕೆ ತೀರಿಸುವ ಸಾಲಗಳಿವೆ. ರೋಗಿಯ ಋಣವೂ ಅಂಥದು. ಹಾಸಿಗೆಯಲ್ಲಿದ್ದವರಂಥವರು ಎಲ್ಲಿ ಉಳಿದುಬಿಟ್ಟಿದ್ದಾರೋ ಅಲ್ಲಿಗೆ ಅದು ಹೋಗಬೇಕು.

ಮೂರನೆಯ ಆಕ್ಷೇಪದ ಮುಂದೆ ನಾನು ಇಂದಿಗೂ ತಡವರಿಸುತ್ತೇನೆ. ಸಮಾಜ ನೂರು ವರ್ಷಗಳಲ್ಲಿ ಕಟ್ಟಿದ ಅಸಮಾನತೆಯನ್ನು ಇಪ್ಪತ್ತರ ಹರೆಯದವರ ಹೆಗಲಿಗೆ ಏರಿಸುವುದು ಸರಿಯೇ? ಕಡ್ಡಾಯ ಗ್ರಾಮೀಣ ಸೇವೆಯ ಬಾಂಡುಗಳಲ್ಲಿ ನಾನು ಕಂಡ ದೋಷ ಇದೇ. ಇಂತಿಷ್ಟು ಲಕ್ಷ ಕಟ್ಟಿದರೆ ಬಿಡುಗಡೆ ಎಂದಿಟ್ಟರೆ ಹಣವಿದ್ದವರ ಮಕ್ಕಳು ಬಿಡಿಸಿಕೊಳ್ಳುತ್ತಾರೆ, ಇಲ್ಲದವರ ಮಕ್ಕಳು ಹಳ್ಳಿಗೆ ಹೋಗುತ್ತಾರೆ. ನ್ಯಾಯದ ಹೆಸರಿನ ನಿಯಮವೇ ಪಂಕ್ತಿಭೇದ ಮಾಡುತ್ತದೆ. ಹೋದವರಿಗೂ ಅಲ್ಲಿ ಔಷಧವಿಲ್ಲ, ಪ್ರಯೋಗಾಲಯವಿಲ್ಲ, ಕೇಳಲು ಹಿರಿಯರಿಲ್ಲ. ಅರೆಬೆಂದ ವೈದ್ಯನನ್ನು ಬಡವರ ಬಳಿಗೆ ಕಳಿಸಿ ಸಮತೆ ಎಂದು ಕರೆಯುವುದು ಖೋಟಾ ನಾಣ್ಯದಲ್ಲಿ ಸಾಲ ತೀರಿಸಿದಂತೆ. ಆದುದರಿಂದ ಋಣ ಮೊದಲು ಸಂಸ್ಥೆಯದು, ಸರಕಾರದ್ದು. ವಿದ್ಯಾರ್ಥಿಯದು ಅವರ ಬಳಿಕ. ಅವನ ಪಾಲು ಸಣ್ಣದೆಂದು ಒಪ್ಪುತ್ತೇನೆ. ಅದು ಶೂನ್ಯ ಎಂಬುದನ್ನು ಒಪ್ಪಲಾರೆ.

ಕಲಿಸುವ ಬಗ್ಗೆ ನನ್ನ ಸ್ವಂತ ಪ್ರಯತ್ನ ಸಾಧಾರಣವಾದುದು. ವಾರ್ಡಿನಿಂದ ಬಿಡುಗಡೆಯಾಗುವ ಒಬ್ಬ ರೋಗಿಯ ಜೊತೆ, ಅವರ ಒಪ್ಪಿಗೆ ಪಡೆದು, ಅವರದೇ ಬಸ್ಸಿನಲ್ಲಿ ಮನೆಯವರೆಗೆ ಹೋಗಿ ಬರಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಪ್ರಶ್ನಾವಳಿ ಒಯ್ಯಬಾರದು, ಸಲಹೆ ಕೊಡಬಾರದು, ನೋಡಿ ಬರಬೇಕು. ಒಬ್ಬ ಹುಡುಗಿ ಬರೆದು ತಂದ ಒಂದೇ ಪುಟ ಇನ್ನೂ ನನ್ನಲ್ಲಿದೆ. ಕ್ಷಯದ ಚಿಕಿತ್ಸೆ ಮುಗಿದಿದ್ದ ಒಬ್ಬ ಅಡಿಕೆ ಕೊಯ್ಯುವವರಿಗೆ ಹೊಟ್ಟೆಯ ತೊಂದರೆಗೆಂದು ‘ಮೂರು ಹೊತ್ತು, ಊಟದ ಬಳಿಕ’ ಎಂದು ಮಾತ್ರೆ ಬರೆದಿದ್ದರು. ಆ ಮನೆಯಲ್ಲಿ ಒಲೆ ಉರಿಯುವುದು ಎರಡು ಹೊತ್ತು. ಆತ ಚೀಟಿಗೆ ವಿಧೇಯನಾಗಿ ದಿನಕ್ಕೆ ಎರಡೇ ಮಾತ್ರೆ ನುಂಗುತ್ತಿದ್ದ. ‘ರೋಗಿ ಹೇಳಿದಂತೆ ಕೇಳುವುದಿಲ್ಲ ಎಂದು ನಾವು ಕೇಸ್ ಶೀಟಿನಲ್ಲಿ ಬರೆದಿದ್ದೆವು ಸರ್’ ಎಂದಳು.

ಇಂಥ ಪುಟಗಳು ವರ್ಷಕ್ಕೆ ಮೂರೋ ನಾಲ್ಕೋ ಬಂದವೆಂದು ಪ್ರಾಮಾಣಿಕವಾಗಿ ಹೇಳಬೇಕು. ಉಳಿದವರು ಹಾಸ್ಟೆಲಿನಲ್ಲಿ ಕುಳಿತೇ ವರದಿ ಬರೆದರು. ಇಲ್ಲದ ಬಸ್ಸು, ಇಲ್ಲದ ಹೊಳೆ, ಇಲ್ಲದ ದನದ ಕೊಟ್ಟಿಗೆಗಳನ್ನು ಸೃಷ್ಟಿಸಿದ ಒಬ್ಬನಿಗೆ ಕಥೆ ಬರೆಯಲು ಸೂಚಿಸಿದ್ದೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಒಲೆ ಎಷ್ಟು ಹೊತ್ತು ಉರಿಯುತ್ತದೆ ಎಂಬ ಪ್ರಶ್ನೆ ಬರುವುದಿಲ್ಲ, ಅವರ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹೋಗಿ ಬಂದವರು ಹೆಚ್ಚಾಗಿ ಅಂಥದೇ ಮನೆಗಳಿಂದ ಬಂದವರು ಎಂಬುದನ್ನೂ ಗಮನಿಸಿದೆ. ಯಾರನ್ನು ಸೇರಿಸಿಕೊಳ್ಳುತ್ತೇವೆ ಎಂಬಲ್ಲಿಯೇ ಅರ್ಧ ಪಾಠ ಮುಗಿದಿರುತ್ತದೆ. ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯಿಂದ ಹೊರಟ ಮಗು ಇಂದು ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಕೋಚಿಂಗಿನ ಲಕ್ಷಗಳು ಯಾವ ಭಾಷೆಯಲ್ಲಿಯೂ ಕಡಿಮೆಯಾಗುವುದಿಲ್ಲ.

ಮನೆಮನೆಯ ದಾರಿ ತೋರಿಸುವ ಆಶಾ ಕಾರ್ಯಕರ್ತೆಯರನ್ನು ಮರೆತರೆ ತಪ್ಪಾಗುತ್ತದೆ. ಯಾವ ಮನೆಯಲ್ಲಿ ಸೊಸೆ ಬಸುರಿ, ಯಾವ ಮನೆಯ ಗಂಡಸು ಮಾತ್ರೆ ಬಿಟ್ಟು ಕುಡಿತ ಹಿಡಿದ ಎಂಬುದನ್ನು ಬಲ್ಲವರು ಅವರು. ಭಾವಿ ವೈದ್ಯರಿಗೆ ಸಮತೆಯ ಮೊದಲ ಪಾಠ ಹೇಳಬೇಕಾದ ಗುರುಗಳೂ ಅವರೇ. ಆ ಗುರುಗಳು 2025ರಲ್ಲಿ ತಮ್ಮ ಗೌರವಧನಕ್ಕಾಗಿ ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ತಿಂಗಳುಗಟ್ಟಲೆ ಮಳೆಬಿಸಿಲಿನಲ್ಲಿ ಕುಳಿತಿದ್ದರು.

ಉಕ್ಕಿನಡ್ಕಕ್ಕೆ ಮರಳುತ್ತೇನೆ. ಅಲ್ಲಿಗೆ ಬರುವ ವಿದ್ಯಾರ್ಥಿಗಳು ಕೋಝಿಕ್ಕೋಡಿನವರು, ಕೊಲ್ಲಂನವರು, ದೂರದ ಊರುಗಳವರು ಆಗಿರಬಹುದು. ಆರಂಭದ ವಾರಗಳಲ್ಲಿ ಅವರಿಗೆ ಸ್ಥಳೀಯ ಭಾಷೆ ಕಲಿಸಬೇಕೆಂದು ಪಠ್ಯಕ್ರಮ ಹೇಳುತ್ತದೆ. ಸ್ಥಳೀಯ ಭಾಷೆ ಯಾವುದು? ಕಾಗದದ ಮೇಲೆ ಮಲಯಾಳ. ವಾರ್ಡಿಗೆ ಬರುವ ಅಜ್ಜಿ ‘ಬಚ್ಚುಂಡು’ ಎಂದರೆ ಅದು ತುಳು. ದಣಿವೋ, ನಿಶ್ಶಕ್ತಿಯೋ, ಹೃದಯದ ಸೋಲಿನ ಮೊದಲ ಸೂಚನೆಯೋ ಎಂದು ಹುಡುಗ ಊಹಿಸಬೇಕು. ‘ಸೆಳೆತ’, ‘ಉರಿ’, ‘ದಮ್ಮು’ ಎನ್ನುವುದು ಕನ್ನಡ. ಪಕ್ಕದ ಹಾಸಿಗೆಯಲ್ಲಿ ಬ್ಯಾರಿ, ಅದರ ಆಚೆ ಮರಾಠಿ, ಕೊಂಕಣಿ. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ನಾವು ಹೆಮ್ಮೆಪಡುವುದು ಹೊರರೋಗಿ ವಿಭಾಗದಲ್ಲಿ ಅಪಾಯವಾಗಿಯೂ ಪರಿಣಮಿಸಬಹುದು. ಜೊತೆಗೆ ಬಂದ ಹತ್ತು ವರ್ಷದ ಮೊಮ್ಮಗಳು ಅಜ್ಜಿಯ ಗರ್ಭಕೋಶದ ತೊಂದರೆಯನ್ನು ಮಲಯಾಳಕ್ಕೆ ಅನುವಾದಿಸುವುದನ್ನು ನಾನು ಕಂಡಿದ್ದೇನೆ. ಅಜ್ಜಿ ಹೇಳಿದುದರಲ್ಲಿ ಅರ್ಧವನ್ನು ಅವಳು ನಾಚಿಕೆಯಿಂದ ಬಿಟ್ಟಳು.

ಆದುದರಿಂದ ಈ ಸಮ್ಮೇಳನದ ಮುಂದೆ ನನ್ನದೊಂದು ಸಣ್ಣ ಸೂಚನೆಯಿದೆ. ಕನ್ನಡಕ್ಕೆ ಸ್ಥಾನಮಾನ ಬೇಕೆಂಬ ನಿರ್ಣಯಗಳನ್ನು ಕೈಗೊಳ್ಳೋಣ, ಅದು ಬೇಕು. ಅದರ ಜೊತೆಗೆ ಕಾಲೇಜಿನವರನ್ನು ಕೇಳಿ, ಅವರು ಒಪ್ಪಿದರೆ, ನಮ್ಮ ನಿವೃತ್ತ ಅಧ್ಯಾಪಕರು ವಾರಕ್ಕೆ ಎರಡು ಸಂಜೆ ಆ 50 ಮಂದಿಗೆ ಆಸ್ಪತ್ರೆಯ ಕನ್ನಡ, ಆಸ್ಪತ್ರೆಯ ತುಳು ಹೇಳಿಕೊಡಬಹುದು: ಮೈಯ ಭಾಗಗಳ ಹೆಸರು, ನೋವಿನ ಬಗೆಗಳು, ಮನೆಯಲ್ಲಿ ಎಷ್ಟು ಹೊತ್ತು ಅಡುಗೆ ಎಂದು ಸಂಕೋಚವಾಗದಂತೆ ಕೇಳುವ ರೀತಿ. ಇದು ಅವರಿಗೆ ನಾವು ಮಾಡುವ ಉಪಕಾರವಲ್ಲ. ನಮ್ಮ ಮೈಯಲ್ಲಿ ಕಲಿಯುವವರಿಗೆ ನಮ್ಮ ಮಾತು ತಿಳಿದಿರಲಿ ಎಂದು ಕೇಳುವ ಹಕ್ಕು ನಮಗಿದೆ. ನನ್ನ ಮನೆಯಿಂದ ಉಕ್ಕಿನಡ್ಕಕ್ಕೆ ಎರಡು ಬಸ್ಸು ಬದಲಿಸಬೇಕು. ಹೋಗಲು ನಾನು ಸಿದ್ಧ. ತುಳುವನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಾದರೂ ಜೊತೆಗೆ ಬಂದರೆ ಉಪಕಾರವಾಗುತ್ತದೆ.